ಹಳೇ ಗಾಜಿನ ವ್ಯಾಪಾರದ ಮಣಿಗಳು: ಸಂಗ್ರಹಿಸುವವರು, ಕುತೂಹಲ ಇರುವವರು ಬನ್ನಿ

ಮಣಿಸರ

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾಣ್ಯ, ಅಂಚೆಚೀಟಿ, ಹಳೇ ಹಿತ್ತಾಳೆ ದೀಪ ಕೂಡಿಡುವವರು ತುಂಬ ಜನ ಇದ್ದೀರಿ. ಗಾಜಿನ ಮಣಿಗಳ ಬಗ್ಗೆ ಮಾತ್ರ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಶುರು ಮಾಡುತ್ತಿದ್ದೇನೆ.

ನಾನು ಹೇಳುತ್ತಿರುವುದು ಹಡಗು ಹತ್ತಿ ಹೋದ ಮಣಿಗಳ ಬಗ್ಗೆ. ವೆನಿಸ್, ಬೊಹೇಮಿಯಾ (ಈಗಿನ ಜೆಕ್ ದೇಶದ ಭಾಗ), ಹಾಲೆಂಡ್‌ಗಳಲ್ಲಿ ತಯಾರಾಗಿ ಆಫ್ರಿಕಾಕ್ಕೆ, ಅಮೆರಿಕಕ್ಕೆ ಹೋದವು. ಅವಕ್ಕೆ ಬದಲಾಗಿ ಚಿನ್ನ, ಆನೆದಂತ, ತಾಳೆ ಎಣ್ಣೆ, ಪ್ರಾಣಿಗಳ ತುಪ್ಪಳ ವಾಪಸ್ ಬಂದವು. ಮನುಷ್ಯರನ್ನೂ ಕೊಂಡರು. ಇದನ್ನು ಮರೆತು ಈ ಮಣಿಗಳ ಅಂದ ಹೊಗಳುವುದು ಸರಿಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನ್ನ ಸಂಗ್ರಹದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಶೆವ್ರಾನ್ ಎಂಬ ಜಾತಿಯ ಒಂದು ಮಣಿ. ಹೆಬ್ಬೆರಳಿನ ತುದಿಯಷ್ಟು ದಪ್ಪ. ಹೊರಮೈ ಕಡು ನೀಲಿ. ಎರಡೂ ತುದಿಗಳನ್ನು ಸಾಣೆ ಹಿಡಿದು ಇಳಿಜಾರು ಮಾಡಿದ್ದಾರೆ. ಆ ಇಳಿಜಾರಿನಲ್ಲಿ ನೀಲಿ, ಬಿಳಿ, ಇಟ್ಟಿಗೆ ಕೆಂಪು, ಮತ್ತೆ ಬಿಳಿ ಪದರಗಳು ಗರಗಸದ ಹಲ್ಲಿನ ಹಾಗೆ ಕಾಣುತ್ತವೆ. ತೂತಿನ ಕಡೆಯಿಂದ ನೋಡಿದರೆ ಹನ್ನೆರಡು ಮೊನೆಯ ನಕ್ಷತ್ರ. ಒಂದು ಬದಿಯಲ್ಲಿ ಬಣ್ಣದ ಹೊಳಪು ಸವೆದು ಮಂಕಾಗಿದೆ. ಯಾರದೋ ಎದೆಯ ಮೇಲೆ ಇನ್ನೊಂದು ಮಣಿಗೆ ಉಜ್ಜಿ ಉಜ್ಜಿ ಆದದ್ದು ಅದು.

ಇದನ್ನು ಮಾಡುವ ರೀತಿ ಹೀಗೆ. ಕುಲುಮೆಯಿಂದ ಕರಗಿದ ಗಾಜಿನ ಮುದ್ದೆ ತೆಗೆಯುತ್ತಾರೆ. ಒಳಗೆ ಗಾಳಿಯ ಗುಳ್ಳೆ ಇರುತ್ತದೆ. ನಕ್ಷತ್ರದ ಆಕಾರದ ಅಚ್ಚಿನಲ್ಲಿ ಒತ್ತುತ್ತಾರೆ. ಅದರ ಮೇಲೆ ಇನ್ನೊಂದು ಬಣ್ಣದ ಪದರ, ಮತ್ತೆ ಅಚ್ಚು, ಮತ್ತೆ ಪದರ. ಕೊನೆಗೆ ಇನ್ನೊಬ್ಬ ಆ ಕಡೆ ತನ್ನ ಕಬ್ಬಿಣದ ಕೋಲು ಅಂಟಿಸುತ್ತಾನೆ. ಇಬ್ಬರೂ ಎದುರುಬದುರು ದಿಕ್ಕಿಗೆ ಓಡುತ್ತಾರೆ. ಮುದ್ದೆ ಉದ್ದನೆ ಕೊಳವೆಯಾಗುತ್ತದೆ, ಗುಳ್ಳೆ ತೂತಾಗುತ್ತದೆ, ನಕ್ಷತ್ರ ಉದ್ದಕ್ಕೂ ಹಾಗೇ ಉಳಿಯುತ್ತದೆ. ತಣ್ಣಗಾದ ಮೇಲೆ ತುಂಡು ಮಾಡಿ ಸಾಣೆ ಹಿಡಿದರೆ ಮಣಿ.

15ನೇ ಶತಮಾನದ ಕೊನೆಯ ಹೊತ್ತಿಗೆ ವೆನಿಸ್ ಪಕ್ಕದ ಮುರಾನೋ ದ್ವೀಪದಲ್ಲಿ ಇದು ಹುಟ್ಟಿತು. 1291ರಲ್ಲಿ ಬೆಂಕಿಯ ಭಯಕ್ಕೆ ಗಾಜಿನ ಕುಲುಮೆಗಳನ್ನೆಲ್ಲ ಆ ದ್ವೀಪಕ್ಕೆ ಕಳಿಸಿದ್ದರು. ಮರಿಯೆಟ್ಟಾ ಬರೋವಿಯೆರ್ ಎಂಬ ಹೆಣ್ಣುಮಗಳು ಈ ಮಣಿಯನ್ನು ಕಂಡುಹಿಡಿದಳು ಎನ್ನುವುದು ಅಲ್ಲಿನ ನಂಬಿಕೆ. 1487ರಲ್ಲಿ ಸ್ವಂತಕ್ಕೆ ಒಂದು ಚಿಕ್ಕ ಕುಲುಮೆ ಇಟ್ಟುಕೊಳ್ಳಲು ಅವಳಿಗೆ ಅಪ್ಪಣೆ ಸಿಕ್ಕಿತ್ತು.

ನಿಮ್ಮ ಹತ್ತಿರ ಏನಿದೆ, ಎಲ್ಲಿಂದ ಬಂತು, ಬರೆಯಿರಿ.

ಕಡಲದಂಡೆ

ಚೆನ್ನಾಗಿ ಬರೆದಿದ್ದೀರಿ. ಆದರೆ ನೇರವಾಗಿ ಕೇಳುತ್ತೇನೆ. ಇದು ಯುರೋಪಿನವರು ಗಾಜಿನ ಚೂರು ಕೊಟ್ಟು ಮುಗ್ಧ ಜನರಿಗೆ ಟೋಪಿ ಹಾಕಿದ ಕಥೆ ಅಲ್ವಾ? ಮ್ಯಾನ್‌ಹಾಟನ್ ದ್ವೀಪವನ್ನೇ ಮಣಿ ಕೊಟ್ಟು ಕೊಂಡರು ಅಂತ ಶಾಲೆಯಲ್ಲಿ ಓದಿದ್ದೇವೆ. ಅದನ್ನು ಸಂಗ್ರಹಿಸಿ ಹೆಮ್ಮೆಪಡುವುದು ಏನಿದೆ?

ಮಣಿಸರ

ಕಡಲದಂಡೆ ಅವರೇ, ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ. ಮ್ಯಾನ್‌ಹಾಟನ್ ಕಥೆಗೆ ಮೂಲ ದಾಖಲೆ ಎಂದರೆ ಪೀಟರ್ ಸ್ಖಾಗೆನ್ ಎಂಬ ಡಚ್ ಅಧಿಕಾರಿ 1626ರ ನವೆಂಬರ್ 5ರಂದು ಬರೆದ ಒಂದು ಪತ್ರ. ಅದರಲ್ಲಿ 60 ಗಿಲ್ಡರ್ ಬೆಲೆಗೆ ಕೊಂಡರು ಅಂತಷ್ಟೇ ಇದೆ. ಮಣಿಯ ಸುದ್ದಿಯೇ ಇಲ್ಲ. ಮಣಿ ಆಮೇಲೆ ಸೇರಿಕೊಂಡದ್ದು.

ಕೊಲಂಬಸ್ 1492ರ ಅಕ್ಟೋಬರ್ 12ರಂದು ದಡ ಮುಟ್ಟಿದಾಗ ಕೆಂಪು ಟೋಪಿ, ಗಾಜಿನ ಮಣಿ ಹಂಚಿದ್ದು ನಿಜ. ಅವನ ದಿನಚರಿಯಲ್ಲೇ ಇದೆ. ಆದರೆ ಅದೊಂದು ದಿನ ನೋಡಿ ನಾನೂರು ವರ್ಷದ ವ್ಯಾಪಾರ ಅಳೆಯಬೇಡಿ.

ಪೂರ್ವ ಆಫ್ರಿಕಾ ತೀರದ ಸೊಫಾಲಾ ನೋಡಿ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. ಒಳನಾಡಿನ ಚಿನ್ನ ಬೇಕಿತ್ತು. ಯುರೋಪಿನ ಮಣಿಗಳನ್ನು ತಂದು ಸುರಿದರು. ಅಲ್ಲಿನವರು ತಗೊಳ್ಳಲಿಲ್ಲ. ಅವರಿಗೆ ಬೇಕಿದ್ದದ್ದು ಶತಮಾನಗಳಿಂದ ಅರಬ್ ಮತ್ತು ಗುಜರಾತಿ ಹಡಗುಗಳಲ್ಲಿ ಬರುತ್ತಿದ್ದ ಭಾರತದ ಮಣಿಗಳು. ಕೊನೆಗೆ ಪೋರ್ಚುಗೀಸರೇ ಗುಜರಾತಿನ ಖಂಭಾತ್ ಕಡೆಯಿಂದ ಮಣಿ ಕೊಂಡು ಅಲ್ಲಿಗೆ ಸಾಗಿಸಬೇಕಾಯಿತು. ಇಲ್ಲಿ ಯಾರ ಮಾತು ನಡೆಯಿತು ಹೇಳಿ?

ಅಮೆರಿಕದ ಪಶ್ಚಿಮ ತೀರದ್ದು ಇನ್ನೊಂದು. ಅಮೆರಿಕ ಸರ್ಕಾರ ಪಶ್ಚಿಮದ ನಾಡು ನೋಡಿ ಬರಲು ಕಳಿಸಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಕೊಲಂಬಿಯಾ ನದಿ ಸಮುದ್ರ ಸೇರುವಲ್ಲಿಗೆ ಬಂದಿತ್ತು. 1805ರ ನವೆಂಬರ್ 20. ಅಲ್ಲಿನ ಮೂಲನಿವಾಸಿ ಚಿನೂಕ್ ಜನರಲ್ಲಿ ಒಬ್ಬ ಎರಡು ಕಡಲ ನೀರುನಾಯಿಯ ಚರ್ಮದ ನಿಲುವಂಗಿ ಹೊದ್ದು ಬಂದ. ತಂಡದವರು ಏನೇನೋ ಕೊಡಲು ನೋಡಿದರು. ಅವನು ಒಪ್ಪಲಿಲ್ಲ. ಕೊನೆಗೆ ತಂಡದ ಜೊತೆಗಿದ್ದ ಶೊಶೋನಿ ಹೆಣ್ಣುಮಗಳು ಸಕಾಗವಿಯಾ ಸೊಂಟಕ್ಕೆ ಕಟ್ಟಿಕೊಂಡಿದ್ದ ನೀಲಿ ಮಣಿಯ ಪಟ್ಟಿ ಕೊಟ್ಟಾಗ ಒಪ್ಪಿದ. ಮರುದಿನ ಅವಳಿಗೆ ಬದಲಾಗಿ ಒಂದು ನೀಲಿ ಬಟ್ಟೆಯ ಕೋಟು ಕೊಟ್ಟರು. ಆ ತೀರದಲ್ಲಿ ನೀಲಿ ಮಣಿಗೆ ಬೆಲೆ, ಬೇರೆ ಬಣ್ಣಕ್ಕೆ ಅಷ್ಟಿಲ್ಲ. ಅದನ್ನು ತೀರ್ಮಾನ ಮಾಡಿದ್ದು ಚಿನೂಕ್ ಜನ.

ಕೊಳ್ಳುವವರು ಬಯಸಿದ್ದನ್ನೇ ವೆನಿಸ್ ಮಾಡಿತು. ಮಣಿಯ ಇತಿಹಾಸವನ್ನು ನಾನು ಓದುವುದು ಹೀಗೆ. ಕುಲುಮೆಯವನಷ್ಟೇ ಪಾಲು ತೊಟ್ಟವರದೂ ಇದೆ.

ಬಯಲುಸೀಮೆ

ಇದಕ್ಕೆ ನಮ್ಮ ಕಡೆಯದೂ ಒಂದು ಸೇರಿಸಬಹುದು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ದೊರೆ ಸಾಮೂದಿರಿಗೆ ಕೊಡಲು ತೆಗೆದಿಟ್ಟ ಕಾಣಿಕೆಯ ಪಟ್ಟಿ ಉಳಿದಿದೆ. ಪಟ್ಟೆ ಬಟ್ಟೆ 12 ತುಂಡು, ಕೆಂಪು ಕುಲಾವಿ 4, ಟೋಪಿ 6, ಹವಳದ ಸರ 4, ಕೈತೊಳೆಯುವ ಬೋಗುಣಿ 6, ಸಕ್ಕರೆ, ಎಣ್ಣೆ, ಜೇನುತುಪ್ಪ. ಪರಿಶೀಲಿಸಲು ಬಂದ ಅಧಿಕಾರಿಗಳು ನೋಡಿ ನಕ್ಕರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಜಾಸ್ತಿ ಕೊಡುತ್ತಾನೆ ಅಂದರು. ಆಫ್ರಿಕಾ ತೀರದಲ್ಲಿ ನಡೆದ ಸರಕು ಇಲ್ಲಿ ನಡೆಯಲಿಲ್ಲ.

ಕಡಲದಂಡೆ

ಸೊಫಾಲಾದ ವಿಷಯ ನನಗೆ ಗೊತ್ತಿರಲಿಲ್ಲ. ಒಪ್ಪುತ್ತೇನೆ. ಆದರೂ ಗುಲಾಮರ ವ್ಯಾಪಾರದ ಮಾತನ್ನು ಒಂದು ಸಾಲಿನಲ್ಲಿ ಮುಗಿಸಿದಿರಿ. ಆನ್‌ಲೈನ್‌ನಲ್ಲಿ ಎಷ್ಟೋ ಅಂಗಡಿಗಳು ಇವನ್ನು ‘ಗುಲಾಮರ ಮಣಿ’ ಅಂತಲೇ ಮಾರುತ್ತವೆ. ಅದು ನೋಡಿದರೆ ಹೊಟ್ಟೆ ತೊಳಸುತ್ತದೆ.

ಮಣಿಸರ

ನನಗೂ ಹಾಗೇ ಆಗುತ್ತದೆ. ಆ ಹೆಸರಿನಲ್ಲಿ ಮಾರುವವರ ಹತ್ತಿರ ನಾನು ಏನನ್ನೂ ಕೊಳ್ಳುವುದಿಲ್ಲ.

ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ಮಣಿ ಒಂದು ಸರಕು. ಅದನ್ನು ಮುಚ್ಚಿಡುವ ಹಾಗಿಲ್ಲ. ಆದರೆ ಅದು ದೊಡ್ಡ ಸರಕಲ್ಲ. ಬಟ್ಟೆಯೇ ಮುಖ್ಯ, ಅದರಲ್ಲೂ ಭಾರತದ ಹತ್ತಿ ಬಟ್ಟೆ. ಜೊತೆಗೆ ಮಾಲ್ಡೀವ್ಸ್‌ನ ಕವಡೆ, ತಾಮ್ರ ಹಿತ್ತಾಳೆ, ಬಂದೂಕು, ಮದ್ಯ. ಅಂದರೆ ನಮ್ಮ ಮಗ್ಗಗಳಲ್ಲಿ ನೇಯ್ದ ಬಟ್ಟೆಯೂ ಆ ಲೆಕ್ಕದಲ್ಲಿ ಇತ್ತು. ಇದನ್ನು ನಾವು ನೆನಪಿಡಬೇಕು.

ಇನ್ನೊಂದು ವಿಷಯ. ಬ್ರಿಟನ್ 1807ರಲ್ಲಿ ಆ ವ್ಯಾಪಾರ ನಿಷೇಧಿಸಿತು. 1860ರ ದಶಕದ ಹೊತ್ತಿಗೆ ಅಟ್ಲಾಂಟಿಕ್ ದಾಟಿಸುವುದು ನಿಂತಿತು. ಈಗ ಮಾರುಕಟ್ಟೆಯಲ್ಲಿ ಓಡಾಡುವ ಹೂಹೂವಿನ ಮಿಲ್ಲೆಫಿಯೋರಿ ಮಣಿಗಳಲ್ಲಿ ಹೆಚ್ಚಿನವು 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದವು. ಅಂದರೆ ಆ ಹೆಸರು ಬಹುಪಾಲು ಮಣಿಗಳಿಗೆ ಹೊಂದುವುದೂ ಇಲ್ಲ. ಜನರ ನೋವನ್ನು ಹೆಸರುಚೀಟಿ ಮಾಡಿ ಬೆಲೆ ಏರಿಸುತ್ತಿದ್ದಾರೆ, ಅಷ್ಟೇ.

ಉಡುಪಿ_ಹುಡುಗಿ

ನಾನು ಹೊಸಬಳು. ನಮ್ಮ ಮನೆಯಲ್ಲಿ ಒಂದು ಸರ ಇದೆ. ಅಜ್ಜನ ತಮ್ಮ ಪೂರ್ವ ಆಫ್ರಿಕಾದಲ್ಲಿ ಕೆಲಸಕ್ಕಿದ್ದರು, ಅವರು ತಂದದ್ದು ಅಂತ ಹೇಳುತ್ತಾರೆ. ಕೆಂಪು ಮಣಿಗಳು, ಸಾಸಿವೆಗಿಂತ ದೊಡ್ಡವು, ಮೆಣಸಿನ ಕಾಳಿಗಿಂತ ಚಿಕ್ಕವು. ಒಂದು ಒಡೆದಿದೆ. ಒಳಗೆ ಬೆಳ್ಳಗಿದೆ! ಹೊರಗೆ ಬಣ್ಣ ಬಳಿದದ್ದಾ? ನಕಲಿಯಾ? ದಾರ ಕೊಳೆತ ಹಾಗಿದೆ, ಬದಲಿಸಲಾ?

ಮಣಿಸರ

ದಾರ ಬದಲಿಸಬೇಡಿ!! ಮೊದಲು ಅದೊಂದು ಮಾತು ಕೇಳಿ. ಉಳಿದದ್ದು ಆಮೇಲೆ.

ಗಾಜುಕುಲುಮೆ

ಉಡುಪಿಯವರೇ, ಬಣ್ಣ ಬಳಿದದ್ದಲ್ಲ, ನಕಲಿಯೂ ಅಲ್ಲ. ನೀವು ಹೇಳಿದ ಪ್ರಕಾರ ಅದು ವೈಟ್ ಹಾರ್ಟ್. ಬಿಳಿ ಗಾಜಿನ ತಿರುಳು, ಮೇಲೆ ತೆಳು ಕೆಂಪು ಗಾಜಿನ ಪದರ. ಕೆಂಪು ಗಾಜು ದುಬಾರಿ. ಅದರಲ್ಲೂ ಮಾಣಿಕ್ಯದಂಥ ಕೆಂಪು ಬರಬೇಕಾದರೆ ಗಾಜಿಗೆ ಚಿನ್ನ ಸೇರಿಸಬೇಕಿತ್ತು. ಪೂರ್ತಿ ಮಣಿಯನ್ನು ಆ ಗಾಜಿನಲ್ಲಿ ಮಾಡಿದರೆ ಖರ್ಚೂ ಜಾಸ್ತಿ, ನೋಡಲು ಕಪ್ಪಗೂ ಕಾಣುತ್ತದೆ. ಒಳಗೆ ಬಿಳಿ ಇಟ್ಟರೆ ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತದೆ, ಕೆಂಪು ಉರಿಯುತ್ತದೆ. ಇದಕ್ಕಿಂತ ಹಳೆಯ ಜಾತಿಯಲ್ಲಿ ಒಳಗೆ ಹಸಿರು ಇರುತ್ತದೆ. ಅದು ಗ್ರೀನ್ ಹಾರ್ಟ್. ಅದರ ಹೊರಗಿನ ಕೆಂಪು ತಾಮ್ರದಿಂದ ಬಂದದ್ದು, ಇಟ್ಟಿಗೆ ಬಣ್ಣ. ಬಿಳಿ ತಿರುಳು ಬಂದದ್ದು 19ನೇ ಶತಮಾನದಲ್ಲಿ. 20ನೇ ಶತಮಾನದಲ್ಲಿ ಚಿನ್ನದ ಜಾಗಕ್ಕೆ ಸೆಲೇನಿಯಂ ಬಂತು.

ನಾನು ಸ್ವತಃ ದೀಪದ ಉರಿಯಲ್ಲಿ ಮಣಿ ಮಾಡುತ್ತೇನೆ. ಅದಕ್ಕೇ ಹೊಸಬರಿಗೆ ಒಂದು ಕಿವಿಮಾತು. ಎಷ್ಟು ಹಳೇದು ಅಂತ ಕೇಳುವ ಮೊದಲು ಹೇಗೆ ಮಾಡಿದ್ದು ಅಂತ ನೋಡಿ. ಮುಖ್ಯವಾಗಿ ಎರಡು ದಾರಿ. ಒಂದು ಎಳೆದದ್ದು, ಮಣಿಸರ ಅವರು ಮೇಲೆ ಹೇಳಿದ ಹಾಗೆ ಕೊಳವೆ ಎಳೆದು ತುಂಡರಿಸಿದ್ದು. ಇನ್ನೊಂದು ಸುತ್ತಿದ್ದು, ಕರಗಿದ ಗಾಜನ್ನು ಲೋಹದ ಕಡ್ಡಿಗೆ ಸುತ್ತಿ ಮಾಡಿದ್ದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಎಳೆದ ಮಣಿಯಲ್ಲಿ ಗಾಳಿಗುಳ್ಳೆಗಳು ಉದ್ದಕ್ಕೆ ಎಳೆದುಕೊಂಡಿರುತ್ತವೆ, ತೂತಿಗೆ ಸಮನಾಗಿ ಸಾಗುತ್ತವೆ. ಸುತ್ತಿದ ಮಣಿಯಲ್ಲಿ ಗುಳ್ಳೆ, ಗೆರೆ ಎಲ್ಲ ತೂತಿನ ಸುತ್ತ ತಿರುಗಿರುತ್ತವೆ. ನಿಮ್ಮ ಒಡೆದ ಮಣಿಯನ್ನೇ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಕಾಣುತ್ತದೆ.

ಇದು ಗೊತ್ತಾದರೆ ಅರ್ಧ ಮೋಸ ತಪ್ಪುತ್ತದೆ. ಉದಾಹರಣೆಗೆ ಶೆವ್ರಾನ್ ಎಳೆದು ಮಾಡುವ ಮಣಿ. ಯಾರಾದರೂ ಸುತ್ತಿದ ಮಣಿಯ ಮೇಲೆ ಅಂಕುಡೊಂಕು ಗೆರೆ ಎಳೆದು ಹಳೇ ಶೆವ್ರಾನ್ ಅಂದರೆ ನಂಬಬೇಡಿ.

ಬಯಲುಸೀಮೆ

ನಕಲಿ ಅಂದಾಗ ಉತ್ತರ ಪ್ರದೇಶದ ಪುರ್ದಿಲ್‌ನಗರ, ವಾರಾಣಸಿಗಳ ಮಣಿಗಳನ್ನೇ ಎಲ್ಲರೂ ಬೈಯುತ್ತಾರೆ. ವೆನಿಸ್ ಮಾದರಿ ಮಾಡಿ ಆಫ್ರಿಕಾಕ್ಕೆ ಕಳಿಸುತ್ತಾರೆ, ಅಲ್ಲಿಂದ ಅದು ಹಳೇ ಮಣಿ ಆಗಿ ವಾಪಸ್ ಬರುತ್ತದೆ ಅಂತ.

ಗಾಜುಕುಲುಮೆ

ಅವರನ್ನು ನಕಲಿ ಮಾಡುವವರು ಅನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಪುರ್ದಿಲ್‌ನಗರದಲ್ಲಿ ಮನೆಮನೆಯ ಕಸುಬು ಅದು. ಹೊಸ ಮಣಿಯನ್ನು ಹೊಸ ಮಣಿ ಅಂತಲೇ ಮಾಡಿ ಮಾರುತ್ತಾರೆ. ಅದಕ್ಕೆ ಮಣ್ಣು ಮೆತ್ತಿ, ಆಸಿಡ್‌ನಲ್ಲಿ ಅದ್ದಿ, ಇನ್ನೂರು ವರ್ಷ ಹಳೇದು ಅನ್ನುವವನು ಬೇರೆ. ತಪ್ಪು ಅವನದು. ವೆನಿಸ್ ಶುರುವಿನಲ್ಲಿ ಮಾಡಿದ್ದೇನು? ಹವಳವನ್ನು, ಭಾರತದ ಕಾರ್ನೇಲಿಯನ್ (ಕೆಂಪು ಕಲ್ಲು), ಅಗೇಟ್‌ಗಳನ್ನು ಗಾಜಿನಲ್ಲಿ ಅನುಕರಿಸಿತು. ಬೊಹೇಮಿಯಾ ವೆನಿಸ್ಸನ್ನು ಅನುಕರಿಸಿತು. ಮಣಿಯ ಲೋಕದಲ್ಲಿ ಮಾದರಿ ನೋಡಿ ಮಾಡುವುದು ಮೊದಲಿಂದ ಇದೆ.

ಅಕ್ರಾದಿಂದ

ಘಾನಾದಿಂದ ಬರೆಯುತ್ತಿದ್ದೇನೆ, ಕೆಲಸದ ಮೇಲೆ ಇಲ್ಲಿದ್ದೇನೆ. ಊರು ಹಾಸನ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ತಡೆಯಲಾಗಲಿಲ್ಲ.

ಇಲ್ಲಿ ಕೊಫೊರಿಡುವಾ ಎಂಬ ಊರಲ್ಲಿ ಗುರುವಾರದ ಮಣಿ ಸಂತೆ ಇದೆ. ಮಣಿಗಳಿಗೆಂದೇ ಸಂತೆ! ತೆಂಗಿನ ನಾರಿನ ಹಾಗಿರುವ ರಾಫಿಯಾ ನಾರಿನಲ್ಲಿ ಪೋಣಿಸಿ ಗೊಂಚಲು ಗೊಂಚಲಾಗಿ ನೇತು ಹಾಕಿರುತ್ತಾರೆ. ಹಳೇ ವೆನಿಸ್ ಮಣಿ, ಜೆಕ್ ಮಣಿ, ಭಾರತದ್ದು, ಚೀನಾದ್ದು, ಇಲ್ಲಿನ ಕ್ರೋಬೋ ಜನರದ್ದು ಎಲ್ಲ ಪಕ್ಕಪಕ್ಕ. ನಾನು ನೋಡಿದ ಮಾರುವ ಹೆಂಗಸರು ಮಣಿಯನ್ನು ಕೈಯಲ್ಲಿ ಉರುಳಿಸಿ, ಹಲ್ಲಿಗೆ ತಟ್ಟಿ ಹೇಳಿಬಿಡುತ್ತಾರೆ.

ಕ್ರೋಬೋ ಮಣಿ ಮಾಡುವುದನ್ನು ಒಡುಮಾಸೆ ಕಡೆ ನೋಡಿದೆ. ಒಡೆದ ಬಾಟಲಿ ಗಾಜನ್ನು ಒರಳಿನಲ್ಲಿ ಕುಟ್ಟಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತಾರೆ. ಜೇಡಿಮಣ್ಣಿನ ಅಚ್ಚಿನಲ್ಲಿ ಸಾಲಾಗಿ ಗುಳಿಗಳಿರುತ್ತವೆ. ಗಾಜು ಅಂಟದ ಹಾಗೆ ಒಳಗೆ ಬಿಳಿ ಮಣ್ಣು ಬಳಿದಿರುತ್ತಾರೆ. ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟು ನಿಲ್ಲಿಸುತ್ತಾರೆ. ಸುತ್ತ ಬಣ್ಣಬಣ್ಣದ ಗಾಜಿನ ಪುಡಿಯನ್ನು ಪದರ ಪದರವಾಗಿ ಸುರಿಯುತ್ತಾರೆ. ಗೂಡಿಗೆ ಇಟ್ಟಾಗ ತೊಟ್ಟು ಸುಟ್ಟು ಬೂದಿಯಾಗುತ್ತದೆ, ತೂತು ಉಳಿಯುತ್ತದೆ. ಅಲ್ಲಿನ ಹುಡುಗಿಯರು ದೊಡ್ಡವರಾದಾಗ ಡಿಪೋ ಎಂಬ ಶಾಸ್ತ್ರ ಮಾಡುತ್ತಾರೆ. ಆಗ ಮನೆಯ ಮಣಿಗಳೆಲ್ಲ ಹೊರಗೆ ಬರುತ್ತವೆ. ತಾಯಿಯ ಕಡೆಯದು, ಅಜ್ಜಿಯ ಕಡೆಯದು ಎಲ್ಲ ಸೊಂಟಕ್ಕೆ, ಕೊರಳಿಗೆ ಹೇರುತ್ತಾರೆ.

ಮಣಿಸರ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆಫ್ರಿಕಾದವರು ಬರೀ ಕೊಳ್ಳುವವರಲ್ಲ. ಮಾಡುವವರೂ ಹೌದು.

ಮಣಿಸರ

ಸರಿಯಾಗಿ ಹೇಳಿದಿರಿ. ನೈಜೀರಿಯಾದ ಇಲೆ-ಇಫೆ ಇದಕ್ಕೆ ಗಟ್ಟಿ ಸಾಕ್ಷಿ. ಅಲ್ಲಿನ ಇಗ್ಬೊ ಒಲೊಕುನ್ ಎಂಬ ತಾಣದಲ್ಲಿ ಅಬಿದೆಮಿ ಬಬಲೋಲಾ ಮತ್ತು ತಂಡದವರು ಅಗೆದಾಗ ಮೂಸೆ ಚೂರುಗಳು, ಗಾಜಿನ ಕಸ, ಸಾವಿರಾರು ಮಣಿ ಸಿಕ್ಕವು. ಆ ಗಾಜಿನಲ್ಲಿ ಸುಣ್ಣ ಮತ್ತು ಅಲ್ಯೂಮಿನಾ ತುಂಬ ಜಾಸ್ತಿ. ಯುರೋಪಿನ ಗಾಜೂ ಹಾಗಿಲ್ಲ, ಅರಬ್ ನಾಡಿನದೂ ಹಾಗಿಲ್ಲ. ಅಲ್ಲೇ ಸಿಗುವ ಮರಳು, ಕಲ್ಲು ಸೇರಿಸಿ ತಾವೇ ಗಾಜು ಕಾಯಿಸಿದ್ದಾರೆ. ಯುರೋಪಿನ ಹಡಗು ಆ ತೀರ ಕಾಣುವ ಶತಮಾನಗಳ ಮೊದಲೇ. ಅದಕ್ಕಿಂತ ಹಿಂದಿನ ಇಗ್ಬೊ-ಉಕ್ವು ಇನ್ನೊಂದು, ಅದೂ ನೈಜೀರಿಯಾದಲ್ಲೇ. 1938ರಲ್ಲಿ ಒಬ್ಬರು ಮನೆ ಹಿತ್ತಲಲ್ಲಿ ನೀರಿನ ತೊಟ್ಟಿಗೆ ಗುಂಡಿ ತೆಗೆಯುವಾಗ ಸುಳಿವು ಸಿಕ್ಕಿತು. ಆಮೇಲೆ ಥರ್ಸ್ಟನ್ ಶಾ ಅಗೆದರು. ಗಾಜಿನದು, ಕಾರ್ನೇಲಿಯನ್ ಕಲ್ಲಿನದು ಸೇರಿ 1 ಲಕ್ಷ 65 ಸಾವಿರಕ್ಕೂ ಹೆಚ್ಚು ಮಣಿ ಸಿಕ್ಕವು.

ಮಾರಿಟೇನಿಯಾದ ಕಿಫಾ ಮಣಿಗಳನ್ನೂ ಮರೆಯಬಾರದು. ಯುರೋಪಿನ ಮಣಿ ಚೂರುಗಳನ್ನೇ ಅರೆದು, ಎಂಜಲು ಅಥವಾ ಗೋಂದು ಹಾಕಿ ಕಲಸಿ, ಸೂಜಿಯ ಮೊನೆಯಿಂದ ಚಿತ್ತಾರ ಬರೆಯುತ್ತಿದ್ದರು ಅಲ್ಲಿನ ಹೆಂಗಸರು. ಸುಡುವುದು ಸಾರ್ಡೀನ್ ಮೀನಿನ ಡಬ್ಬಿಯ ತಗಡಿನ ಮೇಲೆ. ತ್ರಿಕೋನದ ಮಣಿ, ಮೇಲೆ ಕೆಂಪು ಹಳದಿ ನೀಲಿ ಗೆರೆಗಳು. ಜಗತ್ತಿನ ಯಾವ ಮಣಿಯನ್ನೂ ನಾನು ಇದರ ಪಕ್ಕ ಇಡಲಾರೆ. 1949ರಲ್ಲಿ ರೇಮನ್ ಮೋನಿ ಎಂಬ ಫ್ರೆಂಚ್ ವಿದ್ವಾಂಸ ಇದನ್ನು ದಾಖಲಿಸಿದರು. ಆಮೇಲೆ ಹಳೇ ಕೈಗಳು ಹೆಚ್ಚು ಉಳಿಯಲಿಲ್ಲ.

ಕಡಲದಂಡೆ

ಎಂಜಲು ಹಾಕಿ ಕಲಸಿ ಇಷ್ಟು ಸೂಕ್ಷ್ಮ ಕೆಲಸ! ಚಿತ್ರ ಹುಡುಕಿ ನೋಡಿದೆ. ಮಾತೇ ಬರಲಿಲ್ಲ.

ಪೋಣಿಸುವವಳು

ಮಾಡುವವರ ಬಗ್ಗೆ ಇಷ್ಟು ಹೇಳಿದಿರಿ, ಪೋಣಿಸುವವರ ಬಗ್ಗೆ ಯಾರೂ ಹೇಳಲಿಲ್ಲ. ವೆನಿಸ್‌ನಲ್ಲಿ ಕುಲುಮೆ ಕೆಲಸ ಹೆಚ್ಚಾಗಿ ಗಂಡಸರದು. ಸಣ್ಣ ಮಣಿಗಳನ್ನು ಸರ ಮಾಡುವುದು ಪೂರ್ತಿ ಹೆಂಗಸರದು. ಇಂಪಿರರೆಸ್ಸೆ ಅಂತ ಅವರನ್ನು ಕರೆಯುತ್ತಿದ್ದರು. ಬೀದಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತೊಡೆ ಮೇಲೆ ಮರದ ತಟ್ಟೆ ತುಂಬ ಮಣಿ. ಬಲಗೈಯಲ್ಲಿ ಬೀಸಣಿಗೆಯ ಹಾಗೆ ಹರಡಿಕೊಂಡ ಹತ್ತಾರು ಉದ್ದನೆ ಸೂಜಿಗಳು. ಪ್ರತಿ ಸೂಜಿಗೂ ದಾರ. ಸೂಜಿಗಳನ್ನು ತಟ್ಟೆಯೊಳಗೆ ತೂರಿ ತೂರಿ ಎತ್ತಿದರೆ ಮಣಿಗಳು ತಾವಾಗಿ ಏರುತ್ತವೆ. ಕೂಲಿ ತೀರಾ ಕಮ್ಮಿ, ಅದೂ ನಡುವಿನ ಗುತ್ತಿಗೆದಾರರ ಕೈ ದಾಟಿ ಬರಬೇಕು. 1904ರಲ್ಲಿ ಅವರು ಮುಷ್ಕರ ಹೂಡಿದರು.

ಆಫ್ರಿಕಾದ ಸಂತೆಗೆ ಬರುತ್ತಿದ್ದ ಮಣಿಯ ಕಟ್ಟುಗಳಿಗೆಲ್ಲ ಈ ಹೆಂಗಸರ ಕಣ್ಣು ಬೆರಳು ಸವೆದಿವೆ. 2020ರಲ್ಲಿ ಯುನೆಸ್ಕೋ ಇಟಲಿ, ಫ್ರಾನ್ಸ್‌ಗಳ ಗಾಜಿನ ಮಣಿ ಕಲೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವದಲ್ಲಿ ಇವರ ಪಾಲು ದೊಡ್ಡದು ಅಂತ ನನ್ನ ಅಭಿಪ್ರಾಯ.

ಬಯಲುಸೀಮೆ

ಈಗ ದಕ್ಷಿಣ ಭಾರತಕ್ಕೆ ಬರೋಣ. ವೆನಿಸ್‌ಗಿಂತ ಒಂದೂವರೆ ಸಾವಿರ ವರ್ಷ ಮೊದಲೇ ಜಗತ್ತಿಗೆ ಮಣಿ ಕಳಿಸಿದವರು ನಮ್ಮ ಕಡೆಯವರು. ಪುದುಚೇರಿ ಪಕ್ಕದ ಅರಿಕಮೇಡು. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದರು. ರೋಮಿನ ಮಣ್ಣಿನ ಪಾತ್ರೆ ಚೂರಿಗೆ ಪ್ರಸಿದ್ಧಿ ಸಿಕ್ಕಿತು. ಆದರೆ ಅಲ್ಲಿನ ಗಾಜಿನ ಮಣಿ ಇನ್ನೂ ದೊಡ್ಡ ಕಥೆ. ಚಿಕ್ಕವು, ಒಂದೇ ಬಣ್ಣದವು, ಎಳೆದು ಮಾಡಿದವು. ಇಟ್ಟಿಗೆ ಕೆಂಪು, ಹಳದಿ, ಹಸಿರು, ಕಪ್ಪು, ನೀಲಿ. ಪೀಟರ್ ಫ್ರಾನ್ಸಿಸ್ ಎಂಬ ಅಮೆರಿಕದ ಸಂಶೋಧಕ ಈ ಜಾತಿಗೆ ಇಂಡೋ-ಪೆಸಿಫಿಕ್ ಮಣಿ ಅಂತ ಹೆಸರಿಟ್ಟರು. ಥಾಯ್ಲೆಂಡಿನ ಖ್ಲೋಂಗ್ ಥೊಮ್, ವಿಯೆಟ್ನಾಮಿನ ಓಕ್ ಎಯೊ, ಶ್ರೀಲಂಕಾದ ಮಾಂತೈ, ಹೀಗೆ ಎಲ್ಲ ಕಡೆ ಈ ಜಾತಿ ಮಣಿ ಸಿಗುತ್ತದೆ. ಇಂಡೋನೇಷ್ಯಾದ ತಿಮೋರ್, ಸುಂಬಾ ದ್ವೀಪಗಳಲ್ಲಿ ಇದರ ಇಟ್ಟಿಗೆ ಕೆಂಪು ಮಣಿ ಇವತ್ತಿಗೂ ಮನೆತನದ ಆಸ್ತಿ.

ದಕ್ಷಿಣ ಆಫ್ರಿಕಾದ ಮಾಪುಂಗುಬ್ವೆ ಬೆಟ್ಟದಲ್ಲಿ 13ನೇ ಶತಮಾನದ ರಾಜರ ಗೋರಿಗಳಲ್ಲಿ ಚಿನ್ನದ ಖಡ್ಗಮೃಗದ ಜೊತೆ ಸಾವಿರಾರು ಗಾಜಿನ ಮಣಿ ಸಿಕ್ಕಿವೆ. ಆ ಪ್ರದೇಶದ ಮಣಿಗಳ ರಾಸಾಯನಿಕ ಪರೀಕ್ಷೆ ನಡೆದಿದೆ. ಮೊದಲಿನವು ಪಶ್ಚಿಮ ಏಷ್ಯಾದ ಗಾಜು, ಆಮೇಲಿನವು ದಕ್ಷಿಣ ಏಷ್ಯಾದ ಕಡೆಯವು. ಮಣಿಸರ ಅವರು ಹೇಳಿದ ಸೊಫಾಲಾದ ಜನಕ್ಕೆ ಭಾರತದ ಮಣಿ ಏಕೆ ಅಷ್ಟು ಪರಿಚಿತ ಅನ್ನುವುದಕ್ಕೆ ಇದೇ ಉತ್ತರ.

ಈ ಎಳೆಯುವ ವಿದ್ಯೆ ಆಂಧ್ರದ ಪಾಪನಾಯುಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಬಂದಿದೆ. ಶ್ರೀಕಾಳಹಸ್ತಿ ಕಡೆಯ ಊರು. ಲಾಡ ಎಂಬ ಉದ್ದನೆ ಕಬ್ಬಿಣದ ಕೊಳವೆಗೆ ಗಾಜಿನ ದೊಡ್ಡ ಶಂಕು ಕಟ್ಟಿ ಕುಲುಮೆಯೊಳಗೆ ತೂರಿಸುತ್ತಾರೆ. ಆ ಕಡೆಯ ಕಿಂಡಿಯಲ್ಲಿ ಕೂತವನು ಕೊಕ್ಕೆಯಿಂದ ತುದಿ ಹಿಡಿದು ಎಳೆಯುತ್ತಾನೆ. ಒಮ್ಮೆ ಎಳೆ ಬಂದರೆ ಮುಗಿಯಿತು, ಗಂಟೆಗಟ್ಟಲೆ ಕೈಮೇಲೆ ಕೈ ಹಾಕಿ ಎಳೆಯುತ್ತಲೇ ಇರಬೇಕು. ಕೊಳವೆಯನ್ನು ಚೂರು ಮಾಡಿ, ಬೂದಿಯಲ್ಲಿ ಕಲಸಿ ಮತ್ತೆ ಕಾಯಿಸಿದರೆ ಚೂಪು ಅಂಚು ಹೋಗಿ ದುಂಡಾಗುತ್ತದೆ.

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ, ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯಲ್ಲೂ 1947ರಲ್ಲಿ ವೀಲರ್ ಅಗೆದಾಗ ಗಾಜಿನ ಮಣಿ ಬಂದವು. ಚಂದ್ರವಳ್ಳಿಯಲ್ಲಿ ರೋಮಿನ ನಾಣ್ಯಗಳೂ ಸಿಕ್ಕಿವೆ, ಇದು ಎಷ್ಟೋ ಜನಕ್ಕೆ ಗೊತ್ತು.

ಉಡುಪಿ_ಹುಡುಗಿ

ಹಾಗಾದರೆ ಚಂದ್ರವಳ್ಳಿಗೆ ಹೋದರೆ ಮಳೆಗಾಲದಲ್ಲಿ ಒಂದೆರಡು ಸಿಗಬಹುದಾ?

ಬಯಲುಸೀಮೆ

ಕಂಡರೂ ಮುಟ್ಟಬೇಡಿ ಅಮ್ಮ. ಇದನ್ನು ಬೇಡಿಕೊಂಡು ಹೇಳುತ್ತೇನೆ. ಅದು ಸಂರಕ್ಷಿತ ಸ್ಥಳ. ಮಣಿ ಯಾವ ಪದರದಲ್ಲಿ, ಯಾವ ಮಡಕೆಯ ಪಕ್ಕ ಇತ್ತು ಅನ್ನುವುದರಿಂದಲೇ ಅದರ ಕಾಲ ಗೊತ್ತಾಗುವುದು. ಜೇಬಿಗೆ ಹಾಕಿದ ಕ್ಷಣ ಅದು ಬರೀ ಗಾಜು. ಥಾಯ್ಲೆಂಡಿನಲ್ಲಿ ಮಣಿ ಬೇಟೆಗಾರರು ಹಳೇ ತಾಣಗಳನ್ನು ಗುಂಡಿ ತೋಡಿ ಹಾಳು ಮಾಡಿದ್ದಾರೆ. ನಮ್ಮಲ್ಲಿ ಹಾಗಾಗಬಾರದು. ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವ ಹಾಗಿಲ್ಲ. ಮಾರುವ ಉದ್ಯೋಗಕ್ಕೆ ಪರವಾನಗಿ ಬೇಕು.

ಉಡುಪಿ_ಹುಡುಗಿ

ಸರಿ ಸರ್, ಮುಟ್ಟುವುದಿಲ್ಲ. ನಮ್ಮ ಸರದ ದಾರ ಯಾಕೆ ಬದಲಿಸಬಾರದು ಅಂತ ಇನ್ನೂ ಹೇಳಲಿಲ್ಲ ನೀವು.

ಮಣಿಸರ

ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

1960ರ ದಶಕದ ಕೊನೆಯಲ್ಲಿ ಅಮೆರಿಕ, ಯುರೋಪಿನ ಯುವಜನರಲ್ಲಿ ಆಫ್ರಿಕಾದ ಮಣಿ ತೊಡುವ ಫ್ಯಾಷನ್ ಬಂತು. ಪಶ್ಚಿಮ ಆಫ್ರಿಕಾದ ವ್ಯಾಪಾರಿಗಳು ಹಳ್ಳಿಹಳ್ಳಿ ಸುತ್ತಿ ಸರಗಳನ್ನು ಕೊಂಡರು. ಬಿಚ್ಚಿದರು. ಒಂದೇ ಥರದ್ದನ್ನು ಒಟ್ಟು ಮಾಡಿ ಹೊಸ ನಾರಿಗೆ ಪೋಣಿಸಿ ರಫ್ತು ಮಾಡಿದರು. ಈಗ ನಾವು ಕೊಳ್ಳುವ ಸರಗಳಲ್ಲಿ ಬಹುಪಾಲು ಹೀಗೆ ಬಂದವು. ಮೂಲದಲ್ಲಿ ಯಾರು ತೊಟ್ಟಿದ್ದರು, ಯಾವುದರ ಪಕ್ಕ ಯಾವುದನ್ನು ಪೋಣಿಸಿದ್ದರು, ಯಾವ ಊರು, ಎಲ್ಲ ಹೋಯಿತು. ಯಾವ ಕಾರ್ಖಾನೆ ಯಾವ ಮಣಿ ಮಾಡಿತು ಅನ್ನುವುದಕ್ಕೆ ದಾಖಲೆ ಇದೆ. ಲಂಡನ್ನಿನ ಮಣಿ ವರ್ತಕ ಮೋಸೆಸ್ ಲೆವಿನ್ 19ನೇ ಶತಮಾನದ ನಡುವಿನಲ್ಲಿ ಇಟ್ಟಿದ್ದ ಮಾದರಿ ಹಲಗೆಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಸಿಕ್ ಎಂಬ ಮಣಿ ವ್ಯಾಪಾರದ ಕಂಪನಿಯ ಮಾದರಿ ಕಾರ್ಡುಗಳು ಆಮ್‌ಸ್ಟರ್‌ಡ್ಯಾಮಿನ ವೆರೆಲ್ಡ್ ಮ್ಯೂಸಿಯಂನಲ್ಲಿವೆ (ಮೊದಲು ಅದರ ಹೆಸರು ಟ್ರೋಪನ್ ಮ್ಯೂಸಿಯಂ). ಮಾರಿದವರ ಕಡೆಯದು ಹೀಗೆ ಅಚ್ಚುಕಟ್ಟಾಗಿ ಉಳಿದಿದೆ. ತೊಟ್ಟವರ ಕಡೆಯ ದಾಖಲೆ ಎಂದರೆ ಬಿಚ್ಚದೆ ಉಳಿದ ಸರಗಳು ಮಾತ್ರ.

ನಿಮ್ಮ ಮನೆಯದು ಅಂಥದ್ದು ಇರಬಹುದು. ದಾರ ಹತ್ತಿಯದ್ದಾ, ನಾರಿನದ್ದಾ, ಗಂಟು ಹೇಗಿದೆ, ಮಣಿಗಳ ನಡುವೆ ಬೇರೆ ಏನಾದರೂ ಸೇರಿದೆಯಾ, ಇದೆಲ್ಲ ಅಲ್ಲಿನ ಸುದ್ದಿ ಹೇಳುತ್ತದೆ. 19ನೇ ಶತಮಾನದಲ್ಲಿ ಪೂರ್ವ ಆಫ್ರಿಕಾದ ಒಳನಾಡಿಗೆ ಹೋಗುವ ತಂಡಗಳು ಜಾಂಜಿಬಾರಿನಲ್ಲಿ ಮಣಿ ಮೂಟೆ ಕಟ್ಟಿಸುವಾಗ ತಲೆ ಕೆಡಿಸಿಕೊಳ್ಳುತ್ತಿದ್ದವು. ಒಂದು ನಾಡಿನಲ್ಲಿ ನಡೆಯುವ ಬಣ್ಣವನ್ನು ಪಕ್ಕದ ನಾಡಿನವರು ಮುಟ್ಟುತ್ತಿರಲಿಲ್ಲ. ತಪ್ಪು ಮಣಿ ತಂದವರಿಗೆ ದಾರಿಯಲ್ಲಿ ಊಟ ಹುಟ್ಟುವುದೂ ಕಷ್ಟ. ಸಮಿಸಮಿ ಎಂಬ ಕೆಂಪು ಮಣಿ ಅಲ್ಲಿ ಬಹಳ ಓಡುತ್ತಿತ್ತು. ನಿಮ್ಮ ಕೆಂಪು ಮಣಿಯನ್ನು ನೋಡುವಾಗ ಇದು ನೆನಪಿರಲಿ.

ರಸಾಯನ_ಮೇಡಂ

ಕಾಪಾಡುವ ಬಗ್ಗೆ ನಾನು ಹೇಳುತ್ತೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ.

ಹಳೇ ಮಣಿಯನ್ನು ವಿನೆಗರ್, ಹುಣಸೆ ಹುಳಿ, ಸೋಪಿನ ಪುಡಿಯಲ್ಲಿ ನೆನೆಸಬೇಡಿ. ಅಲ್ಟ್ರಾಸಾನಿಕ್ ಯಂತ್ರಕ್ಕೂ ಹಾಕಬೇಡಿ. ಪದರದ ಮಣಿಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ಅದು ದೊಡ್ಡದಾಗುತ್ತದೆ. ಒಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು.

ಕರಾವಳಿಯವರು ಇನ್ನೂ ಹುಷಾರಾಗಿರಬೇಕು. ಕೆಲವು ಗಾಜುಗಳಲ್ಲಿ ಕ್ಷಾರ ಜಾಸ್ತಿ, ಸುಣ್ಣ ಕಮ್ಮಿ. ಗಾಳಿಯ ತೇವ ಆ ಕ್ಷಾರವನ್ನು ಹೊರಗೆಳೆಯುತ್ತದೆ. ಮಣಿ ಬೆವರಿದ ಹಾಗೆ ಅಂಟಂಟಾಗುತ್ತದೆ, ಮೇಲೆ ಬಿಳಿ ಪುಡಿ ಏಳುತ್ತದೆ, ಆಮೇಲೆ ಜಾಲ ಜಾಲ ಬಿರುಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಇದು ಬೇಗ. ಆಸಿಡ್ ಇಲ್ಲದ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಅಂಟು ಕಂಡ ಮಣಿಯನ್ನು ಉಳಿದವುಗಳಿಂದ ಬೇರೆ ಇಡಿ.

ಮಕ್ಕಳ ಬಾಯಿಗೆ ಮಾತ್ರ ಹೋಗದ ಹಾಗೆ ನೋಡಿಕೊಳ್ಳಿ. ಬಿಳಿ, ಹಳದಿ, ಕೆಂಪು ಬರಲು ಸೀಸ, ಆಂಟಿಮನಿ, ಆರ್ಸೆನಿಕ್ ಬಳಸಿದ್ದಾರೆ. ಇದೇ ಕಾಲ ಹೇಳುವ ಸುಳಿವೂ ಹೌದು. ವೆನಿಸ್ ಮಾದರಿಯ ಬಿಳಿ ಗಾಜಿನಲ್ಲಿ ಮೊದಲು ತವರ, 17ನೇ ಶತಮಾನದಿಂದ ಆಂಟಿಮನಿ, 19ನೇ ಶತಮಾನದ ಹೊತ್ತಿಗೆ ಸೀಸ-ಆರ್ಸೆನಿಕ್. ಧಾತುಗಳನ್ನು ಗುರುತಿಸುವ ಎಕ್ಸ್‌ರೇ ಯಂತ್ರದಲ್ಲಿ ಮಣಿ ಒಡೆಯದೆ ಇದನ್ನು ನೋಡಬಹುದು. ಬೊಹೇಮಿಯಾದ ಕೆಲವು ಹಳದಿ ಹಸಿರು ಮಣಿಗಳಲ್ಲಿ ಯುರೇನಿಯಂ ಇರುತ್ತದೆ. ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದರೆ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದೆ. ತೊಡಲು ಅದರಿಂದ ಭಯವಿಲ್ಲ, ಅಷ್ಟು ಕಮ್ಮಿ ಪ್ರಮಾಣ.

ಪೋಣಿಸುವವಳು

ನಮ್ಮ ಕರಿಮಣಿಯೂ ಗಾಜೇ ಅಲ್ವಾ. ದಿನಾ ಕೊರಳಲ್ಲಿದ್ದರೂ ಎಲ್ಲಿ ಮಾಡಿದ್ದು ಅಂತ ನಾವು ಯಾರೂ ಕೇಳಿಲ್ಲ. ಹಳೇ ಕರಿಮಣಿ ಸರ ಇದ್ದವರು ಅದನ್ನೂ ಚಿತ್ರ ಹಾಕಿ. ಲಂಬಾಣಿ ಹೆಂಗಸರ ಹಳೇ ಕುಪ್ಪಸಗಳ ಮಣಿಗಳನ್ನೂ ಯಾರಾದರೂ ಸರಿಯಾಗಿ ದಾಖಲಿಸಬೇಕು, ಮಾರುವವರ ಕೈಗೆ ಹೋಗುವ ಮೊದಲು.

ಉಡುಪಿ_ಹುಡುಗಿ

ದೊಡ್ಡತ್ತೆಗೆ ಫೋನ್ ಮಾಡಿದೆ. ಸರ ಮೊಂಬಾಸಾದಲ್ಲಿ ಕೊಂಡದ್ದಲ್ಲವಂತೆ. ಚಿಕ್ಕಜ್ಜನ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು, ಚಿಕ್ಕಜ್ಜ ಊರಿಗೆ ಹೊರಟಾಗ ಕೊಟ್ಟದ್ದು. ಕೊಟ್ಟವರ ಮನೆಯ ಹೆಂಗಸರು ತೊಡುತ್ತಿದ್ದದ್ದಂತೆ. ಅವರ ಊರಿನ ಹೆಸರು ಅತ್ತೆಗೆ ನೆನಪಿದೆ, ಇನ್ನೊಮ್ಮೆ ಸರಿಯಾಗಿ ಕೇಳಿ ಬರೆಯುತ್ತೇನೆ. ದಾರ ಹತ್ತಿಯದು, ಹೊಸೆದದ್ದು. ನಡುವೆ ಎರಡು ನೀಲಿ ಮಣಿ ಇವೆ. ಗುಳ್ಳೆ ಉದ್ದಕ್ಕೆ ಇವೆ, ಗಾಜುಕುಲುಮೆ ಸರ್ ಹೇಳಿದ ಹಾಗೇ!

ಮಣಿಸರ

ಅತ್ತೆ ಹೇಳಿದ್ದನ್ನು ಇವತ್ತೇ ಅವರ ಮಾತಿನಲ್ಲೇ ಬರೆದಿಡಿ, ಸಾಧ್ಯವಾದರೆ ಧ್ವನಿಯನ್ನೂ ರೆಕಾರ್ಡ್ ಮಾಡಿ. ಯಾರು ಹೇಳಿದ್ದು, ಯಾವ ತಾರೀಖು ಅಂತ ಹಾಕಿ. ಆ ಕಾಗದ ಸರದ ಡಬ್ಬದಲ್ಲೇ ಇರಲಿ. ದಾರ ಹರಿಯುವ ಹಾಗಿದ್ದರೆ ಸರವನ್ನು ನೇತು ಹಾಕಬೇಡಿ, ಮೆತ್ತನೆ ಹಾಸಿನ ಮೇಲೆ ಮಲಗಿಸಿ.

ಚಿತ್ರ ತೆಗೆಯುವಾಗ ಬಿಳಿ ಕಾಗದದ ಮೇಲೆ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಫ್ಲ್ಯಾಶ್ ಹಾಕದೆ, ಬೆಳಿಗ್ಗೆಯ ಬೆಳಕು ಬದಿಯಿಂದ ಬೀಳುವ ಹಾಗೆ ತೆಗೆಯಿರಿ. ಪೂರ್ತಿ ಸರದ್ದು ಒಂದು, ಗಂಟಿನದು ಒಂದು, ಒಡೆದ ಮಣಿಯ ತಿರುಳಿನದು ಒಂದು, ಆ ಎರಡು ನೀಲಿ ಮಣಿಗಳ ತೂತಿನ ಕಡೆಯಿಂದ ಒಂದು. ನೀಲಿಯವು ವಜ್ರದ ಹಾಗೆ ಮುಖ ಕಡಿದವಾ, ದುಂಡಗಾ ಅಂತ ನೋಡಬೇಕು. ಮುಖ ಕಡಿದಿದ್ದರೆ ಬೊಹೇಮಿಯಾದ ಕಡೆ ಯೋಚಿಸಬಹುದು.

ಅಕ್ರಾದಿಂದ

ನಾನೂ ಮುಂದಿನ ಗುರುವಾರ ಸಂತೆಗೆ ಹೋಗುತ್ತೇನೆ. ಮಾರುವವರನ್ನು ಕೇಳಿ, ಅವರು ಒಪ್ಪಿದರೆ, ಅವರ ಭಾಷೆಯಲ್ಲಿ ಪ್ರತಿ ಮಣಿಗೆ ಏನು ಹೆಸರು, ಯಾವಾಗ ತೊಡುತ್ತಾರೆ ಅಂತ ಬರೆದುಕೊಂಡು ಬಂದು ಹಾಕುತ್ತೇನೆ. ಯಾವ ಮಣಿಯ ಬಗ್ಗೆ ಮೊದಲು ಕೇಳಲಿ ಹೇಳಿ.

ಮಣಿಸರ

ಬೊಡೊಮ್. ಹಳದಿ, ದಪ್ಪ, ಒಳಗೆ ಕಪ್ಪು ತಿರುಳಿನದು. ಮೊದಲು ಅದನ್ನೇ ಕೇಳಿ.